ಚೌಕಳಿ ತೋಳಿನ ಸಾಕ್ಷಿ

“ಈ ಕೈ ಯಾರದಮ್ಮ?”

ಎದುರು ವಕೀಲ ಪಾಲಾಕ್ಷಪ್ಪ ಹಾಳೆಯೊಂದನ್ನು ಎತ್ತಿ ಹಿಡಿದರು. ಹರಪನಹಳ್ಳಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ಬಸಲಿಂಗಮ್ಮ ಕತ್ತು ಚಾಚಿದಳು. ಕಟಕಟೆಯಲ್ಲಿ ನಿಂತವಳು ಅವಳ ಮಗಳು ಕೋಮಲಾ. ಹಾಳೆಯಲ್ಲಿ ಏನಿದೆಯೋ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಕಿವಿಗೆ ಬಿದ್ದದ್ದೇ ಸಾಕಾಗಿತ್ತು.

“ನಿಮ್ಮ ಭುಜದ ಮೇಲೆ ಗಂಡಸಿನ ಕೈ ಇದೆ. ಚೌಕಳಿ ಅಂಗಿ, ತುಂಬುತೋಳು. ಕೆಳಗೆ ನೀವೇ ಬರೆದಿದ್ದೀರಿ, ‘ನನ್ನ ಬದುಕಿಗೆ ಇದೊಂದೇ ಆಸರೆ’ ಅಂತ. ಹೌದೋ ಅಲ್ಲವೋ?”

“ಹೌದ್ರಿ. ಫೋಟೋನೂ ನಂದ, ಬರದಿದ್ದೂ ನಾನ.”

ಇವಳ ಬಾಯಿಗಿಷ್ಟು ಮಣ್ಣು ಹಾಕ! ಇಲ್ಲ ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಬಸಲಿಂಗಮ್ಮ ಸೆರಗಿನ ತುದಿ ಕಚ್ಚಿದಳು. ಆರು ವರ್ಷದ ಮೊಮ್ಮಗಳು ಕ್ರಾಂತಿ ತೆಲಿಗಿಯಲ್ಲಿ ತಾಯಿಯ ಹತ್ತಿರ ಇರಬೇಕೋ, ಹಗರಿಬೊಮ್ಮನಹಳ್ಳಿಗೆ ಅಪ್ಪನ ಹತ್ತಿರ ಹೋಗಬೇಕೋ ಎಂಬ ಮೊಕದ್ದಮೆ ಇದು. ತಾಯಿಯ ನಡತೆ ಸರಿಯಿಲ್ಲ ಎಂದಾದರೆ ಮಗು ಕೈತಪ್ಪಿದಂತೆಯೇ. ಅಳಿಯ ಹುಲುಗೇಶ ಇಸ್ತ್ರಿ ಅಂಗಿ ತೊಟ್ಟು, ಮದುವೆಗೆ ಬಂದವನಂತೆ ಮುಂದಿನ ಸಾಲಿನಲ್ಲಿ ಕೂತಿದ್ದ. ಮೊಬೈಲ್ ಅಂಗಡಿ ಇಟ್ಟವನು. ಅವನ ಹೊಡೆತ ತಾಳಲಾರದೆ ಕೋಮಲಾ ಮಗುವನ್ನು ಎತ್ತಿಕೊಂಡು ತವರಿಗೆ ಬಂದು ಎರಡು ವರ್ಷವಾಗಿತ್ತು.

ಆ ಎರಡು ವರ್ಷವಾದರೂ ನೆಮ್ಮದಿ ಇತ್ತೇ? ಪುಷ್ಪಲತಾ ಅಂತೊಂದು ಪೀಡೆ ಗಂಟುಬಿತ್ತು. ಜಾಲತಾಣದಲ್ಲಿ ಗುಲಾಬಿ ಹೂವಿನ ಚಿತ್ರ ಇಟ್ಟುಕೊಂಡ ಹೆಂಗಸು, ಮುಖ ಕಂಡವರಿಲ್ಲ. ಕೋಮಲಾಳ ಮುಖವನ್ನು ಯಾವಳದೋ ಬೆತ್ತಲೆ ಮೈಗೆ ಅಂಟಿಸಿ ಊರಿನ ಮೊಬೈಲುಗಳಿಗೆಲ್ಲ ಹಂಚಿದಳು. ಪಂಚಾಯ್ತಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಕೋಮಲಾ ಕೆಲಸಕ್ಕೆ ಹೋದರೆ ಗಂಡಸರು ಕಿಸಕ್ಕೆನ್ನುತ್ತಿದ್ದರು. ಮೂರು ಸಲ ದೂರು ಕೊಟ್ಟಾಗಲೂ ಬಂದ ಉತ್ತರ ಒಂದೇ. “ಬೋಗಸ್ ಖಾತಿ ಐತಮ್ಮ. ಹಿಂದ ಯಾರದಾರೋ ಹೆಂಗ ಹೇಳಾಣ?”

ಕೊನೆಗೆ ಕೋಮಲಾ ಹಳೆಯ ಖಾತೆ ಮುಚ್ಚಿ ಹೊಸದೊಂದು ತೆರೆದಳು. “ಇದಕ್ಕ ಬೀಗ ಐತವ್ವ. ನಾ ಒಳಗ ಬಿಟ್ಟವರಷ್ಟ ನೋಡ್ತಾರ” ಎಂದಿದ್ದಳು.

ಎಂಥಾ ಬೀಗವೋ ಏನೋ! ಒಳಗಿನ ಫೋಟೋ ಹುಲುಗೇಶನ ಕೈಗೆ ಸಿಕ್ಕಿ ಕೋರ್ಟಿಗೇ ಬಂದು ಕೂತಿತ್ತು. ಮಗಳ ಗೆಳತಿ ದುರುಗಮ್ಮನೇ ಕೊಟ್ಟಿರಬೇಕು ಎಂದು ಬಸಲಿಂಗಮ್ಮನ ಗುಮಾನಿ. ಅವಳ ಜೊತೆ ಮಾತು ಬಿಟ್ಟು ಹದಿನೈದು ದಿನವಾಗಿತ್ತು.

ಅದಕ್ಕಿಂತ ಹೆಚ್ಚಿನ ಸಿಟ್ಟು ತಮ್ಮದೇ ವಕೀಲ ಶಿವಶಂಕರನ ಮೇಲೆ. ಹಿಂದಿನ ವಾಯಿದೆಯಲ್ಲಿ ಈ ಮಹಾನುಭಾವ ಎದ್ದು ನಿಂತು, ಫೋನಿನಿಂದ ತೆಗೆದ ಚಿತ್ರಕ್ಕೆ, ಯಾರ ಫೋನಿನಿಂದ ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಕಾನೂನು ಒಪ್ಪದು ಎಂದಿದ್ದ. ಹುಲುಗೇಶ ಅದನ್ನೂ ಬರೆಸಿ, ಸಹಿ ಹಾಕಿ, ನಗುನಗುತ್ತ ತಂದುಕೊಟ್ಟ. ಬೀಳುತ್ತಿದ್ದ ಗೋಡೆಗೆ ತಾವೇ ಕಂಬ ನಿಲ್ಲಿಸಿದಂತಾಯಿತು. ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದರೆ, “ನಿಮ್ಮ ಮಗಳ ಹಂಗ ಕೇಳು ಅಂದ್ಳು ನೋಡಬೇ” ಎಂದು ಕೈ ಝಾಡಿಸಿದ್ದ.

“ಆ ಗಂಡಸಿನ ಹೆಸರು ಹೇಳಿ,” ಪಾಲಾಕ್ಷಪ್ಪ ದನಿ ಏರಿಸಿದರು.

“ಹೇಳೋದಿಲ್ರಿ. ನನ್ನ ಭುಜ, ನನ್ನ ಫೋಟೋ, ಬೀಗ ಹಾಕಿದ ನನ್ನ ಖಾತಿ. ನಾ ಬಾಗಲಾ ಹಾಕ್ಕೊಂಡು ಮನ್ಯಾಗ ಕುಂತ್ರ, ಕಿಂಡ್ಯಾಗ ಇಣುಕಿದವನ್ನ ಬಿಟ್ಟು ನನ್ನ ಕೇಳ್ತೀರಲ್ರಿ!”

ಗುಸುಗುಸು ಎದ್ದಿತು. ನ್ಯಾಯಾಧೀಶರು ಮೇಜು ಬಡಿದರು. “ಒಂದು ಮಗುವಿನ ಪ್ರಶ್ನೆ ಇದು. ಉತ್ತರ ಕೊಡಲೇಬೇಕು.”

“ಹಂಗಾದ್ರ ಆ ಹಾಳಿ ನಮ್ಮವ್ವಗ ಕೊಡ್ರಿ ಸ್ವಾಮಿ. ಆಕಿ ಹೇಳ್ತಾಳ.”

ಬಸಲಿಂಗಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು. ಮುಂದೆ ಬಂದು ಹಾಳೆ ಹಿಡಿದಳು. ನೋಡಿದಳು. ಕಣ್ಣಿಗೆ ಹತ್ತಿರ ತಂದು ಮತ್ತೊಮ್ಮೆ ನೋಡಿದಳು. ಎರಡು ವರ್ಷದಿಂದ ನುಂಗಿಕೊಂಡ ಸಿಟ್ಟೆಲ್ಲ ಒಮ್ಮೆಗೇ ಗಂಟಲಿಗೆ ಬಂತು.

“ಯಾವ ಗಂಡಸ್ರೀ? ಇದು ನನ್ನ ಕೈ! ಅಂಗಿ ನಮ್ಮ ಯಜಮಾನ್ರದು, ಭೀಮರಾಜಂದು. ಅವ್ರು ಹೋಗಿ ಆರು ವರ್ಷಾತು, ಅಂಗಿ ಇನ್ನೂ ಗಟ್ಟಿ ಐತಿ. ಮೆಕ್ಕಿಜೋಳದ ಗರಿ ಮೈ ಕೊಯ್ತಾವಂತ, ಕಳಿ ತೆಗಿಯಾಕ ಹೋಗಾಗ ಸೀರಿ ಮ್ಯಾಲ ಹಾಕ್ಕೊಂತೀನಿ. ನಮ್ಮ ಓಣಿ ಹೆಂಗಸ್ರೆಲ್ಲಾ ಹಾಕ್ಕೊಂತಾರ. ಬೇಕಂದ್ರ ಹೊಲಕ್ಕ ಬಂದು ನೋಡ್ರಿ!”

ಕೋರ್ಟು ಗೊಳ್ಳೆಂದಿತು. ಗುಮಾಸ್ತನೂ ನಕ್ಕ. ಪಾಲಾಕ್ಷಪ್ಪ ಕಡತ ತಿರುವುತ್ತ ಕೂತುಬಿಟ್ಟರು. ಹುಲುಗೇಶನ ಮುಖ ಹುಳ್ಳಗಾಯಿತು. ಮೊಮ್ಮಗಳು ಉಳಿದಳು ಎಂದು ಬಸಲಿಂಗಮ್ಮ ಉಸ್ಸೆಂದು ಬೆಂಚಿಗೆ ಮರಳಿದಳು.

ಆದರೆ ಶಿವಶಂಕರ ಎದ್ದು ನಿಂತ. “ಇನ್ನೊಂದೇ ಮಾತು ಸ್ವಾಮಿ,” ಎಂದು ಹುಲುಗೇಶನ ಪ್ರಮಾಣಪತ್ರ ಓದಿದ. “‘ಕೋಮಲಾಳ ಖಾತೆಯಲ್ಲಿದ್ದ ಈ ಚಿತ್ರವನ್ನು ನನ್ನ ಸ್ವಂತ ಫೋನಿನಲ್ಲಿ ನಾನೇ ತೆರೆದು ನೋಡಿ, ನಾನೇ ಅಚ್ಚು ತೆಗೆದಿದ್ದೇನೆ. ಬೇರೆ ಯಾರೂ ಕೊಟ್ಟಿಲ್ಲ. ಈ ಫೋನನ್ನು ನನ್ನ ಹೊರತು ಯಾರೂ ಬಳಸುವುದಿಲ್ಲ.’ ಸಹಿ, ಹುಲುಗೇಶ.”

ನ್ಯಾಯಾಧೀಶರು ಹಾಳೆ ತರಿಸಿಕೊಂಡು ಸಹಿ ನೋಡಿದರು. ಆಮೇಲೆ ಕೋಮಲಾಳ ಕಡೆ ತಿರುಗಿದರು.

“ಖಾತೆಗೆ ಬೀಗ ಇತ್ತು ಅಂದಿರಿ. ಎಷ್ಟು ಜನರನ್ನು ಒಳಗೆ ಬಿಟ್ಟಿದ್ದಿರಿ?”

ಕೋಮಲಾ ಗಂಡನನ್ನೇ ನೇರವಾಗಿ ನೋಡಿದಳು.

“ಒಬ್ಬಾಕಿನ್ನ ಅಷ್ಟ ರೀ ಸ್ವಾಮಿ. ಪುಷ್ಪಲತಾನ್ನ.”