ತಮ್ಮನ ಪರವಾಗಿ

ಬಿಳಿ ಜೆರ್ಸಿಯ ತೋಳಿಗೆ ಹತ್ತಿದ್ದ ರಕ್ತ ಎಷ್ಟು ಉಜ್ಜಿದರೂ ಬಿಡಲಿಲ್ಲ. ಅಕ್ಕ ಅದನ್ನು ಹಿಂಡಿ ತಂತಿಗೆ ಹಾಕಿ ಒಳಗೆ ಬಂದಳು. ತಮ್ಮ ಅಡುಗೆಮನೆಯ ಮೇಜಿನ ಮುಂದೆ ಬಲಗೈಯನ್ನು ಐಸ್ ನೀರಿನಲ್ಲಿ ಅದ್ದಿಕೊಂಡು ಕೂತಿದ್ದ. ಬೆರಳ ಗೆಣ್ಣುಗಳು ಊದಿಕೊಂಡಿದ್ದವು.

"ಯಾರು ಮಾಡಿದ್ದು?"

"ಬಾಗಿಲಿಗೆ ಸಿಕ್ತು ಅಂದ್ನಲ್ಲ."

"ಬಾಗಿಲಿಗೆ ಸಿಕ್ಕಿದ ಕೈ ಹೀಗಿರಲ್ಲ ಕಣೋ. ಯಾರೋ ಬೂಟಲ್ಲಿ ತುಳಿದಿದ್ದಾರೆ."

"ಬಿಡಕ್ಕ."

ಮೇಜಿನ ಮೇಲಿದ್ದ ಫೋನು ಗುಯ್‌ಗುಟ್ಟಿತು. ಅವನು ಬೆಚ್ಚಿಬಿದ್ದು ಅದನ್ನು ಬೋರಲು ಹಾಕಿದ.

ಎರಡು ದಿನದಿಂದ ಹೀಗೇ. ಕ್ಲಬ್ಬಿನ ಕಡೆ ತಲೆ ಹಾಕಿಲ್ಲ. ಕೇಳಿದರೆ, ಕೋಚ್ ವಿಶ್ರಾಂತಿ ಕೊಟ್ಟಿದ್ದಾರೆ ಎನ್ನುತ್ತಾನೆ. ಕರೆಗಂಟೆ ಸದ್ದಾದರೆ ಬಚ್ಚಲುಮನೆ ಸೇರುತ್ತಾನೆ. ಆರಡಿ ಎತ್ತರದ ಫುಟ್‌ಬಾಲ್ ಡಿಫೆಂಡರ್, ಮೈದಾನದಲ್ಲಿ ಎಂಥವರಿಗೂ ನೀರು ಕುಡಿಸುವವನು, ಈಗ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದ.

ಅಕ್ಕನಿಗೆ ಇದು ಹೊಸದಲ್ಲ. ಅಮ್ಮ ಹೋದಾಗಿನಿಂದ ಅವನನ್ನು ಸಾಕಿದವಳು ಅವಳೇ. ಅವನು ತಂಡಕ್ಕೆ ಸೇರಿದ ಮೊದಲ ವರ್ಷ, ಎಲ್ಲರೂ ಗೂಳಿ ಎಂದು ಕರೆಯುವ ನಾಯಕ ಮತ್ತವನ ಚೇಲಾಗಳು ಇವನನ್ನು ಹುರಿದು ಮುಕ್ಕಿದ್ದರು. ಎಲ್ಲರ ಬೂಟು ಇವನೇ ಒರೆಸಬೇಕು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬರಬೇಕು. ಒಮ್ಮೆ ಐಸ್ ತುಂಬಿದ ತೊಟ್ಟಿಯಲ್ಲಿ ಕೂರಿಸಿ, ತುಟಿ ನೀಲಿಗಟ್ಟುವವರೆಗೆ ಭುಜ ಒತ್ತಿ ಹಿಡಿದಿದ್ದರು. ಅಂದು ಮಡಿಲಲ್ಲಿ ಮುಖವಿಟ್ಟು ಅತ್ತವನಿಗೆ ಅವಳೇ ಹೇಳಿದ್ದಳು: "ಹಲ್ಲು ಕಚ್ಚಿ ತಡ್ಕೋ. ನೀನೂ ಒಂದಿನ ಸೀನಿಯರ್ ಆಗ್ತೀಯ."

ಆಗ ಸುಮ್ಮನಿದ್ದದ್ದು ತಪ್ಪಾಯಿತು ಎಂದುಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ನಿನ್ನ ಕ್ಲಬ್ಬಿಗೆ."

ತಮ್ಮನ ಮುಖ ಬಿಳಿಚಿಕೊಂಡಿತು. "ಬೇಡಕ್ಕ. ಅಲ್ಲಿ ಯಾರ ಹತ್ರಾನೂ ಮಾತಾಡ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಇಷ್ಟು ಹೆದರಿಸಿಟ್ಟಿದ್ದಾರೆ. ಅವಳು ತಿರುಗಿಯೂ ನೋಡದೆ ಹೊರಟಳು.

ಇಂಥವನ ಅಕ್ಕ ಎಂದೊಡನೆ ಗೇಟಿನ ಕಾವಲುಗಾರ ನಗು ನುಂಗಿಕೊಂಡು ದಾರಿ ಬಿಟ್ಟ. ಹುಲ್ಲಿನ ಮೇಲೆ ಕಾಲು ಚಾಚಿ ಹರಟುತ್ತಿದ್ದ ಆಟಗಾರರು ಅವಳನ್ನು ಕಂಡು ಬಾಯಿ ಹೊಲಿದುಕೊಂಡರು. ಎಷ್ಟೋ ಸಲ ಅವಳ ಕೈಯೂಟ ಉಂಡು ಹೋಗಿದ್ದವನೊಬ್ಬ, ಬೂಟಿನ ದಾರ ಕಟ್ಟಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದ. ಎಲ್ಲರಿಗೂ ಗೊತ್ತಿದೆ ಎಂದುಕೊಂಡಳು. ಗೊತ್ತಿದ್ದೂ ತೆಪ್ಪಗಿದ್ದಾರೆ.

ಗೂಳಿ ಎದುರು ಬಂದು ನಿಂತ. ಬಾಗಿಲು ತುಂಬುವಂಥ ಆಳು.

"ನನ್ನ ತಮ್ಮನಿಗೆ ಏನು ಮಾಡಿದ್ರಿ?"

"ಅವನು ಏನು ಹೇಳಿದ?"

"ಬಾಯೇ ಬಿಡ್ತಿಲ್ಲ. ನೀವು ಹಿಂದೆ ಮಾಡಿದ್ದನ್ನ ನಾನು ಮರೆತಿಲ್ಲ."

"ಆಗಿನದು ನಾವು ಮಾಡಿದ್ದೇ. ಇಲ್ಲ ಅನ್ನಲ್ಲ." ಅವನ ದನಿ ತಗ್ಗಿತು. "ಬನ್ನಿ ನನ್ನ ಜೊತೆ."

"ಎಲ್ಲಿಗೆ?"

"ಬನ್ನಿ. ನೀವೇ ನೋಡಿ."

ಕಿಟಕಿಯಿಲ್ಲದ ಉದ್ದನೆಯ ಕಾರಿಡಾರ್. ಬೆವರು, ನೋವಿನ ಮುಲಾಮು ಬೆರೆತ ವಾಸನೆ. ಹಿಂದೆ ಇನ್ನಿಬ್ಬರ ಹೆಜ್ಜೆ ಸಪ್ಪಳ. ಐಸ್ ತೊಟ್ಟಿಯನ್ನು ದಾಟಿದರು. ಇಲ್ಲಿ ಕೂಗಿಕೊಂಡರೂ ಹೊರಗೆ ಕೇಳುವುದಿಲ್ಲ. ಮನೆಯ ಬೀಗದ ಕೈಯನ್ನು ಮುಷ್ಟಿಯೊಳಗೆ ಬಿಗಿಹಿಡಿದಳು.

ಕೊನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಗೂಳಿ ಒಂದೇ ಬೆರಳಿನಿಂದ ಮೆಲ್ಲಗೆ ಬಡಿದ. "ನಾನು ಕಣೋ. ತೆಗಿ."

ತುಸು ತಡೆದು ಚಿಲಕ ಸರಿಯಿತು. ಅದು ಚಿಕಿತ್ಸೆಯ ಕೋಣೆ. ಈ ವರ್ಷವಷ್ಟೇ ತಂಡ ಸೇರಿದ್ದ ಗೋಲ್‌ಕೀಪರ್ ಬಾಗಿಲು ತೆರೆದು, ಹೊಸ ಮುಖ ಕಂಡು ಹಿಂದೆ ಸರಿದ. ಅವನ ದವಡೆಗೆ ಪಟ್ಟಿ ಸುತ್ತಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಹೆದರ್ಬೇಡ. ಇವರು ಅವನ ಅಕ್ಕ," ಎಂದ ಗೂಳಿ.

ಹುಡುಗ ಗೋಡೆಗೆ ಅಂಟಿಕೊಂಡು, ಅವಳ ಬೆನ್ನ ಹಿಂದೆ ಇಣುಕಿ ನೋಡಿದ. "ಅಣ್ಣನೂ ಬಂದಿದಾರಾ? ನಾನಿನ್ನೂ ಅವರ ಹೆಸರು ಯಾರಿಗೂ ಹೇಳಿಲ್ಲ ಅಂತ ಹೇಳಿ ಅಕ್ಕ."