ಎಲೆಗಳಿಗೆ ಎಣ್ಣೆ

ಶುಕ್ರವಾರ ಬೆಳಿಗ್ಗೆ ನಾನು ಒದ್ದೆ ಬಟ್ಟೆ ಹಿಡಿದು ಹಾಲ್‌ಗೆ ಬರುವಷ್ಟರಲ್ಲಿ ಅತ್ತೆ ಗಿಡಗಳನ್ನೆಲ್ಲ ಒರೆಸಿ ಮುಗಿಸಿದ್ದರು. ಹನ್ನೆರಡೂ ಪ್ಲಾಸ್ಟಿಕ್ ಗಿಡಗಳು ಫಳಫಳ ಹೊಳೆಯುತ್ತಿದ್ದವು. ಮನೆಯೆಲ್ಲ ಕೊಬ್ಬರಿ ಎಣ್ಣೆಯ ವಾಸನೆ.

"ಅತ್ತೆ, ಎಣ್ಣೆ ಹಚ್ಚಿದ್ರಾ?"

"ದೇವರಿಗೆ ದೀಪ ಹಚ್ಚಿದ್ರೆ ಗಾಳಿ ತಿನ್ನುತ್ತೆ ಅಂತ ನೀನೇ ಬಿಡಿಸಿದೆ. ಎಣ್ಣೆ ಸುಮ್ನೆ ಕೂತಿತ್ತು. ನೋಡು ಹೇಮಾ, ಹೆಂಗೆ ಕಳೆಕಳೆಯಾಗಿವೆ! ನಿನ್ನ ಒದ್ದೆ ಬಟ್ಟೆಗೆ ಈ ಜನ್ಮದಲ್ಲಿ ಬರ್ತಿತ್ತಾ ಈ ಹೊಳಪು?"

ಹೊರಗಿನ ಗಾಳಿ ಕೆಟ್ಟು, ಕಿಟಕಿಗಳ ಸಂದಿಗೂ ಅಂಟು ಹಾಕಿ ಒಂಬತ್ತು ವರ್ಷವಾಗಿದೆ. ಹೊರಬಾಗಿಲ ಬೀಗ ತಾನಾಗಿ ತೆರೆಯುವುದು ಸಂಜೆ, ಹೊರಗಿನ ಗಾಳಿ ತುಸು ತಿಳಿಯಾದಾಗ ಮಾತ್ರ. ಅಲ್ಲಿಯವರೆಗೆ ನಾವು ಉಸಿರಾಡುವುದು ಈ ಎಲೆಗಳು ಬಿಡುವ ಗಾಳಿಯನ್ನೇ. ಅವುಗಳ ಸಣ್ಣ ತೂತುಗಳೆಲ್ಲ ಈಗ ಎಣ್ಣೆಯಿಂದ ಮುಚ್ಚಿಹೋಗಿದ್ದವು. ಮನೆಯಲ್ಲಿ ಗಾಳಿ ಎಷ್ಟಿದೆಯೆಂದು ತೋರಿಸುವ ಗೋಡೆಯ ಹಸಿರು ಬಲ್ಬು ಆಗಲೇ ಹಳದಿಗೆ ತಿರುಗಿತ್ತು. ತೊಟ್ಟಿಲಲ್ಲಿ ನನ್ನ ನಾಲ್ಕು ತಿಂಗಳ ಮಗಳು ಮಲಗಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಲ್ಬು ನೋಡಿದರು.

"ಅಯ್ಯೋ, ನನ್ನ ಕೈ ಸೇದೋಗ!" ಎಂದವರೇ ಬಚ್ಚಲಿಗೆ ಓಡಿ ಸೀಗೆಪುಡಿಯ ಡಬ್ಬಿ ತಂದರು. "ತಲೆ ಜಿಡ್ಡೇ ಹೋಗುತ್ತಂತೆ, ಇದು ಹೋಗಲ್ವಾ? ಉಜ್ಜು, ಉಜ್ಜು."

ಒಂದೊಂದೇ ಎಲೆ ಉಜ್ಜಿದೆವು. ಆರನೇ ಗಿಡ ಮುಗಿಯುವಾಗ ಬಲ್ಬು ಕೆಂಪಾಯಿತು. ಮಗು ದೊಡ್ಡದಾಗಿ ಆಕಳಿಸಿತು. ಅತ್ತೆ ನನ್ನ ಕಡೆ ನೋಡಿ, ಸೆರಗಿನಿಂದ ತಮ್ಮ ಮೂಗು ಬಾಯಿ ಒತ್ತಿ ಮುಚ್ಚಿಕೊಂಡರು. ಇನ್ನೊಂದು ಕೈ ಎಲೆಯನ್ನು ಉಜ್ಜುತ್ತಲೇ ಇತ್ತು.

ಇರುವ ಗಾಳಿ ಮಗುವಿಗಿರಲೆಂದು ನಾನೂ ಉಸಿರು ಬಿಗಿಹಿಡಿದು ಏಳನೇ ಗಿಡವನ್ನು ಎಳೆದುಕೊಂಡೆ.