ಮುಚ್ಚಳದ ಒಳಗಿನ ಪಟ್ಟಿ

"ಕತ್ತರಿ ಎಲ್ಲಿ?" ಎಂದ ಏಕನಾಥ.

ಊಟದ ಮೇಜಿನ ಮೇಲೆ ಹೊಸ ಪ್ಲಾಸ್ಟಿಕ್ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಹತ್ತಿ, ಬ್ಯಾಂಡೇಜ್ ಸುರುಳಿ, ಸುಟ್ಟಗಾಯದ ಮುಲಾಮು ಎಲ್ಲವನ್ನೂ ಸಾಲಾಗಿಟ್ಟುಕೊಂಡು ಅವನು ಮುಚ್ಚಳದೊಳಗೆ ಅಂಟಿಸಿದ್ದ ಪಟ್ಟಿಗೆ ಒಂದೊಂದೇ ಗುರುತು ಹಾಕುತ್ತಿದ್ದ. ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಮನೆಯಲ್ಲೂ ಅಲ್ಲಿಯ ಹಾಗೇ ಮಾಡುವುದು ಬಿಟ್ಟರೆ ಅವನಿಗೆ ಬೇರೆ ರೀತಿ ಗೊತ್ತಿರಲಿಲ್ಲ.

"ನಾನು ತೆಗೆದೆ," ಎಂದಳು ಸುಶೀಲಾ.

"ಮತ್ತೆ ಬ್ಯಾಂಡೇಜ್ ಹೇಗೆ ಕತ್ತರಿಸೋದು?"

"ಹಲ್ಲಲ್ಲಿ ಹರಿದರಾಯ್ತು."

ಪಿನ್ನು, ಗಾಯ ತೊಳೆಯುವ ಔಷಧಿಯ ಬಾಟಲಿ, ಜ್ವರದ ಮಾತ್ರೆ ಆಗಲೇ ಅವಳ ಕೈಚೀಲ ಸೇರಿದ್ದವು. ಈಗ ಥರ್ಮಾಮೀಟರನ್ನೂ ಎತ್ತಿಕೊಂಡಳು. "ಇದು ಗಾಜಿಂದು ರೀ."

ಹಂಸಿನಿ ಆಸ್ಪತ್ರೆಯಿಂದ ಬಂದು ಹನ್ನೊಂದು ದಿನವಾಗಿತ್ತು. ಹತ್ತೊಂಬತ್ತು ವರ್ಷದ ಮಗಳು ಸಾಯಲು ಹೊರಟಿದ್ದಳು ಎಂಬ ಮಾತನ್ನು ಘಾಜಿಯಾಬಾದಿನ ಈ ಫ್ಲ್ಯಾಟಿನಲ್ಲಿ ಇನ್ನೂ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅಕ್ಕಪಕ್ಕದವರಿಗೆ ಡೆಂಗ್ಯೂ ಎಂದು ಹೇಳಿದ್ದರು. ಆ ವರ್ಷ ಮನೆಗೊಬ್ಬರಿಗೆ ಡೆಂಗ್ಯೂ ಆಗಿದ್ದರಿಂದ ಯಾರೂ ಕೆದಕಲಿಲ್ಲ. ಎದುರು ಮನೆಯವರು ಡೆಂಗ್ಯೂಗೆ ಒಳ್ಳೆಯದೆಂದು ಎಲ್ಲಿಂದಲೋ ಮೇಕೆಯ ಹಾಲು ತರಿಸಿ ಕೊಟ್ಟರು. ಸುಶೀಲಾ ಅದನ್ನು ಕಾಯಿಸಿ ಮಗಳಿಗೆ ಕುಡಿಸಿಯೂ ಇದ್ದಳು.

"ಅವತ್ತು ಮನೇಲಿ ಏನೂ ಇರಲಿಲ್ಲ ಸುಶೀ, ಒಂದು ಹತ್ತಿ ಕೂಡ," ಎಂದ ಏಕನಾಥ ತಗ್ಗಿದ ದನಿಯಲ್ಲಿ. "ಅದಕ್ಕೇ ಇದು."

"ಇದ್ದಿದ್ದರೆ?"

ಸುಶೀಲಾ ತನ್ನ ಕೈಗಳನ್ನು ನೋಡಿಕೊಂಡಳು. ಈ ಹುಡುಗಿಯ ಕೆಮ್ಮಿಗೆ, ದಡಾರಕ್ಕೆ, ಕಿವಿನೋವಿಗೆ ಏನು ಮಾಡಬೇಕೆಂದು ಈ ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಅವಕ್ಕೆ ಬರುತ್ತಿದ್ದದ್ದು ಒಂದೇ ಕೆಲಸ, ಒಂದೊಂದನ್ನೇ ತೆಗೆದು ಬಚ್ಚಿಡುವುದು. ಬಚ್ಚಲಿನ ಚಿಲಕ, ಕಿಟಕಿಯ ಪರದೆಯ ಹಗ್ಗ, ಇವತ್ತು ಇವೆಲ್ಲ. ತೆಗೆದಷ್ಟೂ ಮನೆಯಲ್ಲಿ ಇನ್ನೇನೋ ಕಾಣುತ್ತಿತ್ತು.

ಹಂಸಿನಿ ಕೋಣೆಯಿಂದ ಬಂದು ಮೇಜಿಗೆ ಒರಗಿ ನಿಂತಳು. "ಕ್ಯಾ ಬನ್ ರಹಾ ಹೈ, ಏನು ಮಾಡ್ತಿದೀರ?" ಎಂದು ಪಟ್ಟಿಯ ಮೇಲೆ ಬೆರಳಾಡಿಸಿದಳು. "ಹದಿನಾರು ಐಟಂ ಬರೆದಿದ್ದೀರ. ಇಲ್ಲಿ ಹನ್ನೊಂದೇ ಇದೆ. ಪಪ್ಪಾ, ಆಪ್ ತೋ ಫೇಲ್ ಹೋ ಗಯೇ."

ಯಾರೂ ನಗಲಿಲ್ಲ.

"ಅಮ್ಮ ಅಡುಗೆಮನೆ ಚಾಕುನೂ ಎಲ್ಲೋ ಇಟ್ಟಿದಾಳೆ, ಗೊತ್ತಾ? ನಿನ್ನೆ ಸೌತೆಕಾಯಿ ಇಡೀದೇ ಕೊಟ್ಟಳು, ತಿನ್ನು ಅಂತ."

ಸುಶೀಲಾ ಕೈಚೀಲವನ್ನು ಮಡಿಲಿಗೆ ಒತ್ತಿಕೊಂಡಳು. ಹನ್ನೊಂದು ದಿನದಿಂದ ಗಂಟಲಲ್ಲೇ ಉಳಿದಿದ್ದ ಪ್ರಶ್ನೆ ತಾನಾಗಿಯೇ ಹೊರಬಂತು. "ಇನ್ನೂ ಹಾಗನ್ಸತ್ತಾ ಪುಟ್ಟಾ ನಿಂಗೆ?"

ಹಂಸಿನಿ ಹತ್ತಿಯ ಚೂರೊಂದನ್ನು ಎಳೆದು, ಬೆರಳಲ್ಲಿ ಉಂಡೆ ಮಾಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಶಾಲೆಯಿಂದ ಬಂದು ಹೊಟ್ಟೆನೋವು ಎಲ್ಲಿ ಎಂದು ತೋರಿಸುತ್ತಿದ್ದ ಹುಡುಗಿಯ ಹಾಗೆ ಸ್ವಲ್ಪ ಯೋಚಿಸಿ ಹೇಳಿದಳು.

"ಪತಾ ನಹೀಂ ಅಮ್ಮಾ, ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಜಾಸ್ತಿ."

ಏಕನಾಥ ಮಗಳ ಮುಖ ನೋಡಲಿಲ್ಲ. ಪೆನ್ನನ್ನು ಮತ್ತೆ ಪಟ್ಟಿಯ ಮೇಲೆ ತಂದ. ಕೊನೆಯಲ್ಲಿ 'ಮುಂದಿನ ತಪಾಸಣೆ' ಎಂದು ಒಂದು ಸಾಲಿತ್ತು. ಕಾರ್ಖಾನೆಯಲ್ಲಾದರೆ ಅಲ್ಲಿ ಮುಂದಿನ ತಿಂಗಳ ಒಂದನೇ ತಾರೀಖು ಬರೆಯುತ್ತಿದ್ದ. ಈಗ ನಾಳೆಯ ತಾರೀಖು ಬರೆದ. ಅದರ ಕೆಳಗೆ ನಾಡಿದ್ದಿನದು. ಅದರ ಕೆಳಗೆ ಮರುದಿನದ್ದು. ಅಕ್ಷರಗಳನ್ನು ಚಿಕ್ಕದು ಮಾಡುತ್ತ, ಒತ್ತೊತ್ತಾಗಿ, ಹಾಳೆಯ ಅಂಚು ಮುಟ್ಟುವವರೆಗೂ ಬರೆಯುತ್ತ ಹೋದ.

ಅಷ್ಟು ಜಾಗದಲ್ಲಿ ಒಂಬತ್ತು ದಿನಗಳು ಹಿಡಿಸಿದವು.